ಜಟಿಂಗ ರಾಮೇಶ್ವರದ ಸೀಮೆ: ನೆಲ, ಚರಿತ್ರೆ ಮತ್ತು ರಜೆಗೆ ಬರುವ ಅತಿಥಿ

(ದತ್ತಿ ಉಪನ್ಯಾಸದ ಪಠ್ಯ)



ದತ್ತಿಯ ಉದ್ದೇಶ ಪ್ರವಾಸ ಮತ್ತು ಪ್ರಾದೇಶಿಕ ಚರಿತ್ರೆ. ದೂರದ ದೇಶದ ಮಾತಾಡುವುದು ಸುಲಭವಿತ್ತು. ಇಟಲಿಯ ಒಂದು ಹಳ್ಳಿಗಾಡಿನ ಬಗ್ಗೆ ಬರೆಯುವವರು ಮೊದಲು ಗುಡ್ಡಗಳ ಹೆಸರು ಹೇಳುತ್ತಾರೆ, ಆಮೇಲೆ ನದಿ, ಮಣ್ಣು, ಬೆಳೆ, ಅಲ್ಲಿ ಆಳಿದವರು, ಕೊನೆಗೆ ಊಟ ಮತ್ತು ತಂಗುವ ಮನೆ. ಓದಿದವನಿಗೆ ಅಲ್ಲಿ ನಾಲ್ಕು ದಿನ ಇದ್ದು ಬರಬೇಕು ಅನ್ನಿಸುತ್ತದೆ. ನಮ್ಮ ಜಿಲ್ಲೆಯ ಬಗ್ಗೆ ಬರೆಯುವಾಗ ಮಾತ್ರ ಚಿತ್ರದುರ್ಗದ ಕೋಟೆಗೆ ಎರಡು ಪುಟ ಕೊಟ್ಟು, ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಎರಡು ಸಾಲು ಕೊಟ್ಟು ಮುಗಿಸುತ್ತೇವೆ: ಇಲ್ಲೊಂದು ಅಶೋಕನ ಶಾಸನವಿದೆ, ಜಟಾಯು ಇಲ್ಲಿ ಬಿದ್ದನಂತೆ. ಎರಡೂ ನಿಜವಾದ ಮಾತೇ. ಆದರೆ ಇಷ್ಟಕ್ಕೆ ಯಾರೂ ಒಂದು ರಾತ್ರಿ ಉಳಿಯುವುದಿಲ್ಲ. ಉಳಿಯುವಷ್ಟು ಸಂಗತಿ ಇಲ್ಲಿ ಇದೆಯೇ, ಇದ್ದರೆ ಬರುವವರನ್ನು ಯಾವ ರೀತಿಯಲ್ಲಿ ಕರೆಯಬೇಕು ಎಂಬುದು ನನ್ನ ಇವತ್ತಿನ ವಿಷಯ.

1. ನೆಲ

ಜಟಿಂಗ ರಾಮೇಶ್ವರ ಬೆಟ್ಟ ಮೊಳಕಾಲ್ಮುರು ತಾಲ್ಲೂಕಿನ ದೇವಸಮುದ್ರ ಹೋಬಳಿಯಲ್ಲಿದೆ. ಎತ್ತರ ಸಮುದ್ರಮಟ್ಟದಿಂದ 3,469 ಅಡಿ. ಉದ್ದಕ್ಕೆ ಚಾಚಿದ ಬೋಳು ಬಂಡೆಯ ಏಣು ಅದು. ಸುತ್ತಣ ಬಯಲಿನಿಂದ ಒಮ್ಮೆಗೇ ಎದ್ದು ನಿಂತಿರುವುದರಿಂದ ಇದ್ದುದಕ್ಕಿಂತ ಎತ್ತರವಾಗಿ ಕಾಣುತ್ತದೆ. ಈ ಬಂಡೆಗಳು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಪಟ್ಟಿಗೆ ಸೇರಿದವು. ಕ್ಲೋಸ್‌ಪೇಟೆ ಅಂದರೆ ನಮ್ಮ ರಾಮನಗರದ ಹಳೆಯ ಹೆಸರು. ಅಲ್ಲಿಂದ ಹೊರಟ ಈ ಗ್ರಾನೈಟ್ ಮಧುಗಿರಿ, ಪಾವಗಡಗಳನ್ನು ಹಾದು ಮೊಳಕಾಲ್ಮುರು, ರಾಯದುರ್ಗಗಳ ಮೂಲಕ ಬಡಗಲಿಗೆ ಸಾಗುತ್ತದೆ. ವಯಸ್ಸು ಸುಮಾರು 250 ಕೋಟಿ ವರ್ಷ. ರಾಮನಗರದ ಬಂಡೆ ಹತ್ತಲು ಬೆಂಗಳೂರಿನಿಂದ ವಾರಕ್ಕೊಮ್ಮೆ ಓಡುವ ಹುಡುಗರಿಗೆ ಅದೇ ಕಲ್ಲಿನ ಮುಂದುವರಿಕೆ ಇಲ್ಲಿದೆ ಎಂದು ಯಾರೂ ಹೇಳಿಲ್ಲ.

ಮಳೆ ವರ್ಷಕ್ಕೆ ಐನೂರು ಮಿಲಿಮೀಟರಿನ ಆಸುಪಾಸು, ಹಲವು ವರ್ಷ ಅಷ್ಟೂ ಇಲ್ಲ. ಕರ್ನಾಟಕದಲ್ಲಿ ತೀರ ಕಡಿಮೆ ಮಳೆ ಬೀಳುವ ತಾಲ್ಲೂಕುಗಳನ್ನು ಹೆಸರಿಸುವಾಗ ಚಳ್ಳಕೆರೆ ಮೊದಲ ಸಾಲಿನಲ್ಲೇ ಬರುತ್ತದೆ. ಮುಂಗಾರು ಪಶ್ಚಿಮಘಟ್ಟದ ಆಚೆಗೇ ಭಾರ ಇಳಿಸಿ ಬರುತ್ತದೆ. ಸೆಪ್ಟೆಂಬರ್, ಅಕ್ಟೋಬರಿನ ಮಳೆಯನ್ನೇ ನಮ್ಮ ರೈತ ನೆಚ್ಚಿಕೊಂಡಿರಬೇಕು. ವೇದಾವತಿ ಚಳ್ಳಕೆರೆ ತಾಲ್ಲೂಕನ್ನು ಹಾಯ್ದು, ಹಗರಿಯಾಗಿ ಮುಂದೆ ಹೋಗಿ ತುಂಗಭದ್ರೆಯನ್ನು ಸೇರುತ್ತದೆ. ಮೊಳಕಾಲ್ಮುರಿನ ಪಾಲಿಗೆ ಬಂದದ್ದು ಚಿನ್ನಹಗರಿ. ವೇದಾವತಿಗೆ ಮೇಲೆ ಹಿರಿಯೂರಿನ ಬಳಿ ವಾಣಿವಿಲಾಸ ಸಾಗರ ಕಟ್ಟಿದ್ದು 1907ರಲ್ಲಿ ಮುಗಿಯಿತು. ಆ ಅಣೆಕಟ್ಟೆ 1933ರಲ್ಲಿ ಕೋಡಿ ಬಿದ್ದದ್ದು; ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷವನ್ನು ಲೆಕ್ಕ ಹಾಕಿದರೆ ಈ ಸೀಮೆಯಲ್ಲಿ ಬದುಕುವುದು ಎಂದರೆ ಏನೆಂದು ಬೇರೆ ವಿವರಿಸಬೇಕಾಗಿಲ್ಲ.

ಇಂಥ ನೆಲದಲ್ಲಿ ಶೇಂಗಾ ಬೆಳೆಯುತ್ತದೆ, ಸಜ್ಜೆ, ನವಣೆ, ಹುರುಳಿ ಬೆಳೆಯುತ್ತವೆ. ಶೇಂಗಾದಿಂದಲೇ ಚಳ್ಳಕೆರೆಗೆ ಎಣ್ಣೆಗಿರಣಿಗಳು ಬಂದವು, ಎರಡನೇ ಬೊಂಬಾಯಿ ಎಂಬ ಹೆಗ್ಗಳಿಕೆಯೂ ಬಂತು. ಕುರಿ ಮೇಯುತ್ತದೆ, ಅದರ ಉಣ್ಣೆಯಿಂದ ಕಂಬಳಿ ನೇಯುತ್ತಾರೆ. ಇನ್ನು ಭೂಪಟ ನೋಡಿ: ಮೊಳಕಾಲ್ಮುರು ತಾಲ್ಲೂಕು ಆಂಧ್ರದೊಳಕ್ಕೆ ಚಾಚಿಕೊಂಡಿರುವ ನೆಲ. ರಾಯದುರ್ಗಕ್ಕೆ ಇಲ್ಲಿಂದ ಬಹಳ ದೂರವಿಲ್ಲ, ಆದರೆ ಅದು ಬೇರೆ ರಾಜ್ಯ. ಸಂತೆಯಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಬಾಯಲ್ಲಿ ಬರುತ್ತವೆ. ಗಡಿ ಕಾಗದದ ಮೇಲೆ ಬಂತು. ಬೀಗತನ ಅದಕ್ಕಿಂತ ಹಿಂದಿನದು.

2. ಬರೆದ ಬಂಡೆಗಳು

1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಇಲ್ಲಿಯ ಮೂರು ಅಶೋಕ ಶಾಸನಗಳನ್ನು ಪ್ರಕಟಿಸಿದರು: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಮೂರೂ ಕೆಲವೇ ಮೈಲಿಗಳ ಅಂತರದಲ್ಲಿವೆ. ಅಶೋಕನ ಆಜ್ಞೆಗಳಲ್ಲಿ ತೀರ ತೆಂಕಣದವು ಇವೇ. ಅದಕ್ಕೂ ಮೊದಲು ಮೌರ್ಯರ ಆಳ್ವಿಕೆ ಇಷ್ಟು ದಕ್ಷಿಣಕ್ಕೆ ಬಂದಿತ್ತು ಎಂಬುದಕ್ಕೆ ಕಲ್ಲಿನ ಸಾಕ್ಷಿ ಇರಲಿಲ್ಲ. ಮಸ್ಕಿಯ ಶಾಸನ 1915ರಲ್ಲಿ ಸಿಕ್ಕಿತು. ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ನಿಟ್ಟೂರು, ಉದೇಗೊಳಗಳದು ಆಮೇಲಿನ ಮಾತು. ಎಲ್ಲಕ್ಕೂ ಮೊದಲು ಬಾಯಿ ಬಿಟ್ಟವು ಈ ತಾಲ್ಲೂಕಿನ ಬಂಡೆಗಳು.

ಶಾಸನ ಎಂದರೆ ರಾಜನ ಗದರಿಕೆ ಎಂದು ನಾವು ಭಾವಿಸಿಕೊಂಡಿದ್ದೇವೆ. ಬ್ರಹ್ಮಗಿರಿಯದು ಆರಂಭವಾಗುವುದು ಕ್ಷೇಮಸಮಾಚಾರದಿಂದ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ (ರಾಜಕುಮಾರ) ಮತ್ತು ಅವನ ಮಹಾಮಾತ್ರರು, ಅಂದರೆ ಹಿರಿಯ ಅಧಿಕಾರಿಗಳು, ಇಸಿಲ ಎಂಬ ಊರಿನ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ರಾಜನ ಮಾತನ್ನು ಮುಟ್ಟಿಸುತ್ತಾರೆ. ರಾಜ ತನ್ನ ವಿಷಯವನ್ನೇ ಹೇಳಿಕೊಳ್ಳುತ್ತಾನೆ: ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಮೊದಲ ಒಂದು ವರ್ಷ ಅಷ್ಟಾಗಿ ಶ್ರಮಪಡಲಿಲ್ಲ, ಸಂಘದ ಸಮೀಪಕ್ಕೆ ಬಂದ ಮೇಲೆ ಚೆನ್ನಾಗಿ ಶ್ರಮಪಟ್ಟೆ. ಈ ಶ್ರಮದ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವನೂ ಶ್ರಮಪಟ್ಟರೆ ಪಡೆಯಬಹುದು ಎಂಬುದು ಅದರ ಸಾರ. ತಾಯಿತಂದೆಯರ ಮಾತು ಕೇಳು, ಪ್ರಾಣಿಗಳಲ್ಲಿ ದಯೆಯಿರಲಿ, ಸತ್ಯ ನುಡಿ, ಶಿಷ್ಯ ಗುರುವನ್ನು ಗೌರವಿಸಲಿ, ನೆಂಟರೊಂದಿಗೆ ತಕ್ಕಂತೆ ನಡೆ ಎಂಬ ಬುದ್ಧಿಮಾತುಗಳು ಅನಂತರ ಬರುತ್ತವೆ. ಇದನ್ನೆಲ್ಲ ಕೊರೆದ ಅಥವಾ ಬರೆದ ಲಿಪಿಕಾರನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ತನ್ನ ಕಸುಬನ್ನು ಹೇಳುವ ಕೊನೆಯ ಪದವನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ. ಇವತ್ತಿನ ಪೇಶಾವರದ ಸುತ್ತಲಿನ ವಿದ್ಯೆಯೊಂದು ದೇವಸಮುದ್ರದ ಬಿಸಿಲಿಗೆ ಬಂದು ಸಹಿ ಹಾಕಿ ಹೋಯಿತು. ಕರ್ನಾಟಕದಲ್ಲಿ ಬರಹಗಾರನೊಬ್ಬ ತನ್ನ ಹೆಸರು ಹೇಳಿಕೊಂಡ ಅತಿ ಹಳೆಯ ನಿದರ್ಶನಗಳಲ್ಲಿ ಇದೂ ಒಂದು.

ಈಗ ಜಟಿಂಗ ರಾಮೇಶ್ವರದ ಬಂಡೆಗೆ ಬನ್ನಿ. ಗುಡಿಗೆ ಹೋಗುವ ಮೆಟ್ಟಿಲ ದಾರಿಯ ಬಳಿ ಇರುವ ಇದನ್ನು ಊರವರು ಬಳೆಗಾರರ ಗುಂಡು ಎನ್ನುತ್ತಿದ್ದರು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆ ಅಂಗಡಿ ಹೂಡುತ್ತಿದ್ದರು. ಮೂರು ಶಾಸನಗಳಲ್ಲಿ ಹೆಚ್ಚು ಸವೆದು ಹೋದದ್ದು ಇದೇ. ಈ ಸುದ್ದಿ ಕೇಳಿದ ವಿದ್ಯಾವಂತರು ತಲೆ ಚಚ್ಚಿಕೊಳ್ಳುತ್ತಾರೆ, ಅದು ಸಹಜ. ನಾನೂ ಆ ಅಕ್ಷರಗಳು ಉಳಿಯಬೇಕಿತ್ತು ಎನ್ನುವವನೇ. ಆದರೆ ಒಂದು ಪ್ರಶ್ನೆ ಕೇಳೋಣ. ಮೌರ್ಯರ ಅಧಿಕಾರಿಗಳು ಈ ಬಂಡೆಯನ್ನೇ ಯಾಕೆ ಆರಿಸಿದರು? ರಾಜನ ಮಾತು ಹತ್ತು ಜನರ ಕಣ್ಣಿಗೆ ಕಿವಿಗೆ ಬೀಳುವ ಜಾಗ ಅವರಿಗೆ ಬೇಕಿತ್ತು. ಬಳೆಗಾರನಿಗೂ ಬೇಕಾದದ್ದು ಅದೇ. ಲಿಪಿ ಮರೆತುಹೋದ ಮೇಲೂ ಅಲ್ಲಿ ಜನ ಸೇರುವುದು ನಿಲ್ಲಲಿಲ್ಲ. ಬ್ರಹ್ಮಗಿರಿಯ ಬಂಡೆಯನ್ನು ಜನ ಅಕ್ಷರಗುಂಡು ಎಂದು ಕರೆದು, ಓದಲು ಬಾರದಿದ್ದರೂ ಅದಕ್ಕೆ ಔಷಧದ ಗುಣವಿದೆ ಎಂದು ನಂಬಿದರು. ಸಿದ್ದಾಪುರದ್ದಕ್ಕೆ ಒಬ್ಬ ಎಮ್ಮೆ ಕಾಯುವವನ ಹೆಸರು. ದನಗಾಹಿ, ಬಳೆಗಾರ, ಲಿಪಿಕಾರ ಮೂವರೂ ಇಲ್ಲಿಯ ಚರಿತ್ರೆಯ ವಾರಸುದಾರರೇ.

3. ಇಟಲಿಯ ಬಟ್ಟಲು, ಬ್ರಹ್ಮಗಿರಿಯ ಬೋಕಿ

ಇಸಿಲ ಎಂಬ ಊರು ಎಲ್ಲಿತ್ತು? ಬ್ರಹ್ಮಗಿರಿಯ ತಪ್ಪಲಿನಲ್ಲಿ ಎಂಬ ಊಹೆಯಿಂದ ಮೈಸೂರಿನ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಎಂ. ಎಚ್. ಕೃಷ್ಣ ಅವರು 1940ರ ದಶಕದ ಮೊದಲಲ್ಲಿ ಅಲ್ಲಿ ಅಗೆದರು. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಮತ್ತೆ ಅಗೆದರು. ಮೂರು ಪದರಗಳು ತೋರಿದವು: ಕೆಳಗೆ ನಯಗೊಳಿಸಿದ ಕಲ್ಲುಕೊಡಲಿಯವರು, ನಡುವೆ ಕಬ್ಬಿಣ ಬಲ್ಲ ಬೃಹತ್‌ಶಿಲಾ ಗೋರಿಗಳವರು, ಮೇಲೆ ಸಾತವಾಹನರ ಕಾಲದ ಊರು. ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಒಂದರ ಮೇಲೊಂದು ಜೋಡಿಸಿದ ಮೆಟ್ಟಿಲು ಮೊದಲ ಬಾರಿಗೆ ಸಿಕ್ಕಿದ್ದು ಹೀಗೆ.

ಇಲ್ಲಿ ಇಟಲಿಯ ಹಳ್ಳಿಗಾಡು ನಮ್ಮ ಕತೆಯೊಳಕ್ಕೆ ನೇರವಾಗಿ ಬರುತ್ತದೆ. ಟಸ್ಕನಿ ಪ್ರಾಂತದಲ್ಲಿ ಅರೆಟ್ಸೊ ಎಂಬ ಊರಿದೆ. ಎರಡು ಸಾವಿರ ವರ್ಷಗಳ ಹಿಂದೆ ಅಲ್ಲಿಯ ಕುಂಬಾರರು ಕೆಂಪು ಹೊಳಪಿನ ತಟ್ಟೆ ಬಟ್ಟಲು ಮಾಡಿ ರೋಮನ್ ಜಗತ್ತಿಗೆಲ್ಲ ಮಾರುತ್ತಿದ್ದರು. ಯಾವ ಬಟ್ಟಲು ಯಾವ ದಶಕದ್ದು ಎಂದು ಯುರೋಪಿನ ವಿದ್ವಾಂಸರು ನಿಖರವಾಗಿ ಗುರುತಿಸಿದ್ದರು. ವೀಲರ್ 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ಅಗೆದಾಗ ಅದೇ ಅರೆಟ್ಸೊದ ಚೂರುಗಳು ಸಿಕ್ಕವು, ಕಾಲ ಕ್ರಿ.ಶ. ಮೊದಲ ಶತಮಾನದ ಮೊದಲರ್ಧ. ಅವುಗಳ ಜೊತೆಗೆ ತಳದಲ್ಲಿ ಚುಕ್ಕಿಗಳ ವರ್ತುಲವಿದ್ದ ಇನ್ನೊಂದು ಬಗೆಯ ತಟ್ಟೆಯ ಬೋಕಿಗಳೂ ದೊರೆತವು. ಬ್ರಹ್ಮಗಿರಿಯ ಮೇಲಿನ ಪದರದಲ್ಲಿ ಆ ಚುಕ್ಕಿ ತಟ್ಟೆ ಕಾಣಿಸಿತು. ವೀಲರ್ ಆ ಒಂದು ಕೊಂಡಿಯನ್ನು ಹಿಡಿದು ನಮ್ಮ ಪದರಗಳಿಗೆ ತಾರೀಖು ಹಚ್ಚಿದರು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಂತೂ ಅಗಸ್ಟಸ್, ಟೈಬೀರಿಯಸರ ಬೆಳ್ಳಿ ನಾಣ್ಯಗಳೇ ಸಿಕ್ಕಿವೆ. ನಮ್ಮ ಜಿಲ್ಲೆಯ ಚರಿತ್ರೆಯ ಗಡಿಯಾರಕ್ಕೆ ಟಸ್ಕನಿಯ ಕುಂಬಾರ ಕೀಲಿ ಕೊಟ್ಟ ಹಾಗಾಯಿತು. ಆಮೇಲೆ ಇಂಗಾಲದ ಕಾಲಗಣನೆ ಬಂದು ದಕ್ಷಿಣದ ಕಲ್ಲುಕೊಡಲಿಯವರೂ ಗೋರಿ ಕಟ್ಟಿದವರೂ ವೀಲರ್ ಹೇಳಿದ್ದಕ್ಕಿಂತ ಬಹಳ ಹಿಂದಿನವರೆಂದು ತಿಳಿಯಿತು. ಪದರಗಳ ಕ್ರಮ ಮಾತ್ರ ಉಳಿದುಕೊಂಡಿತು.

ಹಾಗಾಗಿ ಇದು ಲೋಕದಿಂದ ದೂರ ಉಳಿದ ಮೂಲೆ ಎಂಬ ಮಾತನ್ನು ನಾವೇ ಮೊದಲು ಬಿಡಬೇಕು. ಗಾಂಧಾರದ ಅಕ್ಷರ ಬಂದಿದೆ, ಕಡಲಾಚೆಯ ವ್ಯಾಪಾರದ ಗಾಳಿ ಬೀಸಿದೆ. ದಾರಿಗಳು ಬದಲಾದಾಗ ಊರು ಬದಿಗೆ ಸರಿಯಿತು ಅಷ್ಟೆ.

4. ಹಕ್ಕಿಯ ಬೆಟ್ಟ

ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನನ್ನು ಜಟಾಯು ತಡೆದು ರೆಕ್ಕೆ ಕಡಿಸಿಕೊಂಡು ಬಿದ್ದದ್ದು ಈ ಬೆಟ್ಟದ ಮೇಲೆ ಎಂದು ಸ್ಥಳೀಯರ ನಂಬಿಕೆ. ಜಟಾಯುವಿಗೆ ಇಲ್ಲಿ ಬೇರೆಯೇ ಗುಡಿಯಿದೆ; ರಾಮೇಶ್ವರ ಎಂದರೆ ಶಿವ. ಆಂಧ್ರದ ಲೇಪಾಕ್ಷಿಯವರು ತಮ್ಮಲ್ಲೇ ಬಿದ್ದನೆನ್ನುತ್ತಾರೆ. ಕೇರಳದ ಚಡಯಮಂಗಲದವರು ತಮ್ಮ ಬಂಡೆಯ ಮೇಲೆ 200 ಅಡಿ ಉದ್ದದ ಜಟಾಯುವಿನ ಪ್ರತಿಮೆ ಮಲಗಿಸಿ, 2018ರಲ್ಲಿ ಪ್ರವಾಸಿಗರಿಗೆ ತೆರೆದಿದ್ದಾರೆ. ಇದರಲ್ಲಿ ಜಗಳಕ್ಕೆ ಕಾರಣವಿಲ್ಲ. ಕಾಳಗ ಆಕಾಶದಲ್ಲಿ ನಡೆಯಿತು. ಗರಿ ಎಲ್ಲೆಲ್ಲೂ ಬಿದ್ದಿರಬಹುದು.

ದಾಖಲೆಯ ಮಟ್ಟಿಗೆ ನಮ್ಮ ರಾಮೇಶ್ವರನ ಗುಡಿ ಗಟ್ಟಿಯಾಗಿ ನಿಂತಿದೆ. ಮೊದಲು ಇಟ್ಟಿಗೆಯದಾಗಿದ್ದ ಗುಡಿಯನ್ನು 962ರಲ್ಲಿ ಕಲ್ಲಿನಲ್ಲಿ ಕಟ್ಟಲಾಯಿತು. ಕಲ್ಯಾಣ ಚಾಲುಕ್ಯರ ರಾಜಕುಮಾರರ 11ನೇ ಶತಮಾನದ ಶಾಸನಗಳೂ ಇಲ್ಲಿವೆ. ಆಗ ಇದು ನೊಳಂಬವಾಡಿ ನಾಡು. ಆರನೆಯ ವಿಕ್ರಮಾದಿತ್ಯನ ತಮ್ಮ ಜಯಸಿಂಹ ವೀರನೊಳಂಬ ಎಂಬ ಬಿರುದು ಹೊತ್ತು ಈ ಕಡೆ ಆಳಿದವನು. ನೊಳಂಬರ ರಾಜಧಾನಿ ಹೆಂಜೇರು, ಇಂದಿನ ಹೇಮಾವತಿ, ಈಗ ಆಂಧ್ರದಲ್ಲಿದೆ. ಬ್ರಹ್ಮಗಿರಿಯ ಕೋಟೆ ಹಾನೆಯ ಎಂಬ ಹೆಸರಿನಿಂದ ನಿಡುಗಲ್ಲಿನ ಚೋಳರ ಕಾಲಕ್ಕೂ ಬಾಳಿತು.

ಇನ್ನೊಂದು ನಂಟನ್ನು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕು. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ಅರ್ಪಿಸಿದ್ದು ತಮ್ಮ ಗುರು ಟಿ. ಎಸ್. ವೆಂಕಣ್ಣಯ್ಯನವರಿಗೆ. ವೆಂಕಣ್ಣಯ್ಯನವರು ಚಳ್ಳಕೆರೆ ತಾಲ್ಲೂಕಿನ ತಳುಕಿನವರು. ಇಪ್ಪತ್ತನೆಯ ಶತಮಾನದ ದೊಡ್ಡ ರಾಮಾಯಣ ಕಾವ್ಯ ತಲೆಬಾಗಿದ್ದು ಜಟಾಯುವಿನ ಸೀಮೆಯ ಒಬ್ಬ ಮೇಷ್ಟರಿಗೆ ಎಂದು ತಳುಕಿನಲ್ಲಿ ಒಂದು ಫಲಕ ಹಾಕಿದರೂ ಅದು ಪ್ರವಾಸಿ ಮಾಹಿತಿಯೇ.

5. ಹಟ್ಟಿ, ಕಾವಲು, ಮಗ್ಗ

ಈ ಸೀಮೆಯ ಜೀವ ಹಟ್ಟಿಗಳಲ್ಲಿದೆ. ಮ್ಯಾಸಬೇಡರು ದೇವರ ಎತ್ತುಗಳನ್ನು ಸಾಕುತ್ತಾರೆ. ಅವಕ್ಕೆ ನೊಗ ಹೂಡುವುದಿಲ್ಲ, ಮಾರುವುದಿಲ್ಲ. ಕಾಯುವವನು ಕಿಲಾರಿ, ಬರ ಬಂದ ವರ್ಷ ಮೇವಿಗಾಗಿ ಅವನು ಪಡುವ ಪಾಡು ಬೇಡ. ಮ್ಯಾಸಬೇಡರು ಕೋಳಿ ತಿನ್ನುವುದಿಲ್ಲ, ತಮ್ಮ ವೀರ ಗಾದ್ರಿಪಾಲನಾಯಕನ ಕತೆಯನ್ನು ಇಂದಿಗೂ ಹಾಡುತ್ತಾರೆ. ಕಾಡುಗೊಲ್ಲರಿಗೆ ಜುಂಜಪ್ಪ, ಎತ್ತಪ್ಪರ ಹಾಡುಗಳಿವೆ, ಕ್ಯಾತೇದೇವರ ಜಾತ್ರೆಯಿದೆ; ಆ ಜಾತ್ರೆಗೆ ಬಾರೆಮುಳ್ಳಿನಿಂದ ಗುಡಿ ಕಟ್ಟಿ ಬರಿಗಾಲಲ್ಲಿ ಅದರ ಮೇಲೆ ಹತ್ತಿ ಕಳಸ ಇಳಿಸುತ್ತಾರೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಪದಗಳನ್ನು ನಾಲಿಗೆಯ ಮೇಲಿಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿದ ‘ಸಾವಿರದ ಸಿರಿಬೆಳಗು’ ಅವರ ಹಾಡುಗಳ ಪುಸ್ತಕ.

ದನ ಇದ್ದಲ್ಲಿ ಹುಲ್ಲುಗಾವಲು ಇರಬೇಕು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿ ಎಂಬ ಅರಮನೆಯ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಅದರ ಕಾವಲುಗಳು ಚಳ್ಳಕೆರೆ ತಾಲ್ಲೂಕಿನಲ್ಲಿ ವಿಶಾಲವಾಗಿದ್ದವು. ಫಿರಂಗಿ ಎಳೆಯುವ ಎತ್ತುಗಳು ಇಂಥ ಹುಲ್ಲು ಮೇದು ಬೆಳೆದವು. 2010ರ ಆಸುಪಾಸಿನಲ್ಲಿ ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಸುಮಾರು ಹತ್ತು ಸಾವಿರ ಎಕರೆಯನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಕೊಡಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಗೆ ಸಿಕ್ಕಿದ್ದು 1,500 ಎಕರೆ. ಹಳ್ಳಿಗರು ಹೋರಾಡಿದರು, ವಿಷಯ ಹಸಿರು ನ್ಯಾಯಮಂಡಳಿಗೂ ಹೋಯಿತು. ದೇಶಕ್ಕೆ ವಿಜ್ಞಾನ ಬೇಡ ಎಂದು ಯಾರೂ ಹೇಳಲಿಲ್ಲ. ಆದರೆ ಮರವಿಲ್ಲದ ನೆಲವನ್ನು ಬರಿದು ನೆಲ ಎಂದು ತಿಳಿಯುವ ಕಣ್ಣು ಈ ತಪ್ಪನ್ನು ಮತ್ತೆ ಮತ್ತೆ ಮಾಡುತ್ತದೆ. ಪ್ರವಾಸಿಗೆ ಕಾವಲಿನ ಹುಲ್ಲನ್ನು, ಕೃಷ್ಣಮೃಗವನ್ನು, ಕುರಿಮಂದೆಯ ದಾರಿಯನ್ನು ತೋರಿಸಿದರೆ ಆ ಕಣ್ಣನ್ನು ಸ್ವಲ್ಪ ತಿದ್ದಬಹುದು.

ಮೊಳಕಾಲ್ಮುರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬೇರೆ ಬಣ್ಣದ ಅಂಚು, ಒಡಲಲ್ಲಿ ಹೂ, ಹಣ್ಣು, ಪ್ರಾಣಿಗಳ ಬುಟ್ಟಾ, ಕೈಮಗ್ಗದ ನೇಯ್ಗೆ. ಗುರುತಿನ ಕಾಗದ ಬಂದ ಮಾತ್ರಕ್ಕೆ ನೇಕಾರನ ಮಗ ಮಗ್ಗಕ್ಕೆ ಕೂರುವುದಿಲ್ಲ. ಕೊಳ್ಳುವವರು ಮನೆಬಾಗಿಲಿಗೆ ಬಂದರೆ ಕೂತಾನು.

6. ಅತಿಥಿಯನ್ನು ಕರೆಯುವ ಬಗೆ

ಇಟಲಿಯವರ ಎರಡು ಅನುಭವಗಳನ್ನು ನಿಮ್ಮ ಮುಂದೆ ಇಡುತ್ತೇನೆ. ದಕ್ಷಿಣ ಇಟಲಿಯ ಬಸಿಲಿಕಾತ ಪ್ರಾಂತ ನಮ್ಮಂತೆಯೇ ಬಡ ಸೀಮೆ. ಅಲ್ಲಿಯ ಮಾತೆರಾ ಪಟ್ಟಣದಲ್ಲಿ ಜನ ಬಂಡೆ ಕೊರೆದ ಗವಿಮನೆಗಳಲ್ಲಿ ದನಗಳ ಜೊತೆ ಬದುಕುತ್ತಿದ್ದರು. ದೇಶಕ್ಕೆ ನಾಚಿಕೆ ಎಂದು 1952ರಲ್ಲಿ ಕಾನೂನು ಮಾಡಿ ಅವರನ್ನು ಎಬ್ಬಿಸಿದರು. 1993ರಲ್ಲಿ ಅದೇ ಗವಿಗಳು ವಿಶ್ವ ಪರಂಪರೆಯ ತಾಣವಾದವು, 2019ರಲ್ಲಿ ಯುರೋಪಿನ ಸಾಂಸ್ಕೃತಿಕ ರಾಜಧಾನಿಯ ಪಟ್ಟ ಬಂತು. ಇಂದು ಆ ಗವಿಗಳಲ್ಲಿ ಹೋಟೆಲುಗಳಿವೆ. ಹಣ ಬಂದಿದೆ, ಹೌದು. ಆದರೆ ಬದುಕನ್ನು ಖಾಲಿ ಮಾಡಿಸಿ ಆಮೇಲೆ ಅದರ ಚಿಪ್ಪನ್ನು ತೋರಿಸುವುದು ಒಂದು ದಾರಿ; ಅದು ನಮಗೆ ಬೇಡ.

ಇನ್ನೊಂದು ದಾರಿ ಅಗ್ರಿತುರಿಜ್ಮೊ. 1985ರ ಕಾನೂನಿನಲ್ಲಿ ಮೊದಲು ಬಂದ ನಿಯಮದ ಪ್ರಕಾರ ಇಟಲಿಯಲ್ಲಿ ನಿಜವಾಗಿ ಬೇಸಾಯ ಮಾಡುವ ರೈತನೇ ತನ್ನ ಮನೆಯಲ್ಲಿ ಅತಿಥಿಗಳನ್ನು ಇಳಿಸಿಕೊಳ್ಳಬಹುದು. ಬೇಸಾಯ ಮುಖ್ಯವಾಗಿಯೇ ಉಳಿಯಬೇಕು, ಅತಿಥಿಸತ್ಕಾರ ಉಪಕಸುಬಾಗಬೇಕು. ಹೊಲ ಬಿಟ್ಟವನಿಗೆ ಆ ಹೆಸರು ಸಿಗುವುದಿಲ್ಲ. ಟಸ್ಕನಿಯ ಹಳ್ಳಿಗಳು ರಜೆಗೆ ಬರುವವರ ಕಣ್ಣಿಗೆ ಚೆಂದ ಕಾಣುವುದರ ಹಿಂದೆ ದುಡಿಯುವ ಹೊಲಗಳಿವೆ, ಈ ನಿಯಮವೂ ಇದೆ.

ನಮಗೆ ಈ ತತ್ತ್ವ ಹೊಸದಲ್ಲ. ನಮ್ಮಲ್ಲಿ ಅದರ ಹೆಸರು ಜಾತ್ರೆ. ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿಗೆ ಲಕ್ಷಾಂತರ ಜನ ಬರುತ್ತಾರೆ, ಕೊಬ್ಬರಿ ಸುಡುತ್ತಾರೆ, ಮುಕ್ತಿ ಬಾವುಟ ಹರಾಜಾಗುತ್ತದೆ. ಗೌರಸಮುದ್ರದ ಮಾರಮ್ಮನಿಗೆ ಗಡಿಯಾಚೆಯ ಬಂಡಿಗಳೂ ಬರುತ್ತವೆ. ಜಾತ್ರೆಗೆ ಬಂದವನು ಊರನ್ನು ದೂರದಿಂದ ನೋಡಿ ಹೋಗುವುದಿಲ್ಲ. ನೆಂಟರ ಮನೆಯಲ್ಲಿ ಉಣ್ಣುತ್ತಾನೆ, ಬಳೆ ಕೊಳ್ಳುತ್ತಾನೆ, ಎತ್ತಿನ ಬೆಲೆ ಕೇಳುತ್ತಾನೆ, ಅಡವಿಯ ಮರದಡಿ ಮಲಗುತ್ತಾನೆ. ಆತಿಥ್ಯ, ವ್ಯಾಪಾರ, ಭಕ್ತಿ ಮೂರೂ ಅಲ್ಲಿ ಒಟ್ಟಿಗೇ ನಡೆಯುತ್ತವೆ. ಇದೇ ನಮ್ಮ ಸೀಮೆಯ ಪ್ರವಾಸೋದ್ಯಮದ ತಳಹದಿಯಾಗಬೇಕು ಎಂಬುದು ನನ್ನ ಪ್ರತಿಪಾದನೆ.

ಅದಕ್ಕೆ ಕೆಲವು ಸೂಚನೆಗಳು. ಅಕ್ಟೋಬರಿನಿಂದ ಫೆಬ್ರವರಿವರೆಗೆ ಹವೆ ಹಿತವಾಗಿರುತ್ತದೆ, ಮಳೆ ಬಂದ ವರ್ಷ ನೆಲವೂ ಹಸಿರಾಗಿರುತ್ತದೆ. ಆ ಕಾಲವನ್ನೇ ಹೇಳಿ ಜನರನ್ನು ಕರೆಯಿರಿ. ಮೂರು ಶಾಸನಗಳಿಗೆ ಒಂದೇ ದಿನದ ದಾರಿ ಗೊತ್ತುಮಾಡಿ: ಮುಂಜಾನೆ ಜಟಿಂಗ ರಾಮೇಶ್ವರದ ಮೆಟ್ಟಿಲು, ಬಿಸಿಲೇರುವ ಹೊತ್ತಿಗೆ ಬ್ರಹ್ಮಗಿರಿ ಮತ್ತು ಸಿದ್ದಾಪುರ, ಸಂಜೆ ಮೊಳಕಾಲ್ಮುರಿನ ಮಗ್ಗದ ಮನೆ. ಮರುದಿನ ಚಳ್ಳಕೆರೆ ಕಡೆಯ ಒಂದು ಹಟ್ಟಿ, ಕಂಬಳಿ, ಎಣ್ಣೆಗಾಣ. ಶಾಸನದ ಪೂರ್ತಿ ಪಾಠ ಇಂದಿನ ಕನ್ನಡದಲ್ಲಿ, ತೆಲುಗಿನಲ್ಲಿ ಬಂಡೆಯ ಪಕ್ಕ ಇರಲಿ; ಸವೆದ ಸಾಲುಗಳನ್ನು ಬ್ರಹ್ಮಗಿರಿಯ ಪ್ರತಿಯಿಂದ ತುಂಬಿ ಓದಿಸಬಹುದು. ದಾರಿ ತೋರುವವರು ಹತ್ತಿರದ ಹಳ್ಳಿಗಳ ಹುಡುಗ ಹುಡುಗಿಯರಾಗಲಿ. ತಂಗುವುದಕ್ಕೆ ಬೆಟ್ಟದ ಬುಡದಲ್ಲಿ ರೆಸಾರ್ಟು ಎಬ್ಬಿಸುವ ಬದಲು, ಉಳುವವರ ಮತ್ತು ನೇಯುವವರ ಮನೆಗಳಿಗೆ ಒಂದು ಕೋಣೆ, ಒಂದು ಶೌಚಾಲಯ ಕಟ್ಟಿಕೊಳ್ಳಲು ನೆರವು ಸಿಗಲಿ. ನೀರು ಇಲ್ಲಿ ಮೊದಲು ದನಕ್ಕೆ, ಹೊಲಕ್ಕೆ. ಅತಿಥಿಗೆ ಕೊಡದಲ್ಲಿ ಎಷ್ಟಿದೆಯೋ ಅಷ್ಟು. ಬರುವವರಿಗೆ ಅದನ್ನು ಮೊದಲೇ ಹೇಳಿಬಿಡುವುದು ಮರ್ಯಾದೆ. ಹಟ್ಟಿಯ ದೇವರಗುಡಿಗೂ ದೇವರ ಎತ್ತಿಗೂ ಅವರದೇ ಕಟ್ಟುಪಾಡುಗಳಿವೆ; ಎಲ್ಲಿಗೆ ಹೊರಗಿನವರು ಬರಬಹುದು, ಎಲ್ಲಿಗೆ ಕೂಡದು ಎಂದು ತೀರ್ಮಾನಿಸುವ ಹಕ್ಕು ಹಟ್ಟಿಯ ಹಿರಿಯರದು.

ಅಕ್ಷರಗಳನ್ನು ಕಾಪಾಡುವುದು ಪುರಾತತ್ತ್ವ ಇಲಾಖೆಯ ಕರ್ತವ್ಯ, ಅದು ಬಿಗಿಯಾಗಿಯೇ ನಡೆಯಬೇಕು. ಶಾಸನದ ಬಂಡೆಯ ಮೇಲೆ ಇನ್ನು ಯಾರೂ ಅಂಗಡಿ ಇಡುವುದು ಬೇಡ. ಆದರೆ ಬೆಟ್ಟದ ದಾರಿಯಲ್ಲಿ ಬಳೆಗಾರರಿಗೆ ಬೇರೊಂದು ಕಟ್ಟೆ ಕಟ್ಟಿಕೊಡುವುದು ಪಂಚಾಯಿತಿಯ ಕರ್ತವ್ಯ. ಅಕ್ಷರಕ್ಕೂ ಬಳೆಗಾರರಿಗೂ ಜಾಗ ಮಾಡುವ ಯೋಜನೆ ಬಂದ ದಿನ ನಾವು ಈ ಸೀಮೆಗೆ ರಜೆಯ ಅತಿಥಿಗಳನ್ನು ಧೈರ್ಯವಾಗಿ ಕರೆಯಬಹುದು. ಆ ಯೋಜನೆಯ ಮೊದಲ ಕರಡನ್ನು ಬೆಂಗಳೂರು ಬರೆಯುವವರೆಗೆ ಕಾಯದೆ, ಈ ಸಭೆಯಲ್ಲಿರುವ ಶಿಕ್ಷಕರು, ನೇಕಾರರು, ಹಟ್ಟಿಯ ಹಿರಿಯರು ಕೂತು ಬರೆಯಲಿ ಎಂದು ಕೋರುತ್ತೇನೆ.